ಚಲಿಸದ ನಾಣ್ಯಗಳು: ಜರ್ಮನ್ ಸಾಮ್ರಾಜ್ಯದ ಟಂಕಸಾಲೆಯೂ ಕರ್ಜಗಿ ಸೀಮೆಯ ರೂಪಾಯಿಯೂ

ನಾಣ್ಯವೆಂಬುದು ಕೈಯಿಂದ ಕೈಗೆ ಚಲಿಸತಕ್ಕ ವಸ್ತು. ಚಲನೆಯೇ ಅದರ ಧರ್ಮ. ಆದರೆ ಟಂಕಸಾಲೆಯಲ್ಲಿ ಹುಟ್ಟಿ, ಟಂಕಸಾಲೆಯ ಹೊಸ್ತಿಲನ್ನು ದಾಟದೆಯೇ ನಿಂತುಹೋದ ನಾಣ್ಯಗಳೂ ಕೆಲವುಂಟು. ಹೊಸದೊಂದು ನಾಣ್ಯವನ್ನು ಹೊರಡಿಸಬೇಕೆಂದು ಸರಕಾರವು ಬಗೆದಾಗ, ಅದರ ಚಿತ್ರವು ಹೇಗಿರಬೇಕು, ಅಳತೆಯು ಎಷ್ಟಿರಬೇಕು, ಲೋಹವು ಯಾವುದಾಗಬೇಕು ಎಂಬುದನ್ನು ನಿಶ್ಚಯಿಸುವದಕ್ಕೋಸ್ಕರ ಕೆಲವೇ ಬಿಲ್ಲೆಗಳನ್ನು ಅಚ್ಚೊತ್ತಿಸಿ ಅಧಿಕಾರಿಗಳ ಮುಂದಿರಿಸುವ ಪದ್ಧತಿಯಿದೆ. ಒಪ್ಪಿಗೆಯಾದರೆ ಅದೇ ರೂಪದಲ್ಲಿ ಲಕ್ಷಾಂತರ ನಾಣ್ಯಗಳು ಹೊರಬೀಳುವವು. ಒಪ್ಪಿಗೆಯಾಗದಿದ್ದರೆ ಆ ಕೆಲವು ಬಿಲ್ಲೆಗಳಷ್ಟೇ ಉಳಿಯುವವು. ಇವಕ್ಕೆ ಮಾದರಿ ನಾಣ್ಯಗಳೆಂದು ಹೆಸರು. ಜರ್ಮನ್ ಭಾಷೆಯಲ್ಲಿ ಇವನ್ನು ‘ಪ್ರೋಬೆ’ ಎನ್ನುವರು. ಆ ಶಬ್ದಕ್ಕೆ ಪರೀಕ್ಷೆಯೆಂದೇ ಅರ್ಥ. ನಮ್ಮ ಪತ್ತಾರರ ಒರೆಗಲ್ಲು ಲೋಹದ ಗುಣವನ್ನು ಪರೀಕ್ಷಿಸುವಂತೆ, ಈ ಮಾದರಿಯು ನಾಣ್ಯದ ರೂಪವನ್ನು ಪರೀಕ್ಷಿಸುವದು.

ಇಂಥ ನಾಣ್ಯಗಳಲ್ಲಿ ಕ್ರಿ. ಶ. 1871ರಿಂದ 1918ರ ವರೆಗೆ ಬಾಳಿದ ಜರ್ಮನ್ ಸಾಮ್ರಾಜ್ಯದ ಮಾದರಿಗಳಿಗೆ ಸಂಗ್ರಾಹಕರಲ್ಲಿ ವಿಶೇಷ ಮನ್ನಣೆಯಿದೆ. ಎಲ್ಲಿಯ ಜರ್ಮನಿ, ಎಲ್ಲಿಯ ವರದಾ ತೀರ, ನಮಗೂ ಅವಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವುಂಟು. ಆ ಸಾಮ್ರಾಜ್ಯವು ತನ್ನ ನಾಣ್ಯದ ಮುಖವನ್ನು ಹಲವು ಸಲ ಪರೀಕ್ಷಿಸಿತು. ಆದರೆ ಆ ನಾಣ್ಯಗಳ ಮೂಲದಲ್ಲಿದ್ದ ಮಹಾನಿರ್ಧಾರವೊಂದರ ಫಲವನ್ನು ಮಾತ್ರ ಪರೀಕ್ಷಿಸಲಿಲ್ಲ. ಆ ಪರೀಕ್ಷೆಯು ನಡೆದದ್ದು ಬೆಳ್ಳಿಯನ್ನೇ ನಂಬಿದ್ದ ದೂರದೇಶಗಳ ರೈತರ ಮನೆಗಳಲ್ಲಿ. ಅವುಗಳಲ್ಲಿ ಕರ್ಜಗಿ ಸೀಮೆಯ ಮನೆಗಳೂ ಸೇರಿದ್ದವು. ಈ ಮಾತನ್ನು ವಿವರಿಸುವದೇ ಈ ಲೇಖದ ಉದ್ದೇಶವಾಗಿದೆ.

ಮೊದಲು ಜರ್ಮನಿಯ ಸ್ಥಿತಿಯನ್ನು ನೋಡೋಣ. 1871ರ ಜನವರಿಯಲ್ಲಿ ಪ್ರಶಿಯಾದ ಅರಸನಾದ ಒಂದನೆಯ ವಿಲ್ಹೆಲ್ಮನು ಜರ್ಮನ್ ಚಕ್ರವರ್ತಿಯೆನಿಸಿಕೊಂಡನು. ಅವನ ಕೆಳಗೆ ಕೂಡಿಬಂದ ಸಂಸ್ಥಾನಗಳು ಇಪ್ಪತ್ತೈದು: ಇಪ್ಪತ್ತೆರಡು ಅರಸುಮನೆತನಗಳವು, ಹ್ಯಾಂಬರ್ಗ್, ಬ್ರೇಮೆನ್, ಲ್ಯೂಬೆಕ್ ಎಂಬ ಮೂರು ಸ್ವತಂತ್ರ ನಗರಗಳು. ಉತ್ತರದಲ್ಲಿ ಥಾಲರ್, ದಕ್ಷಿಣದಲ್ಲಿ ಗುಲ್ಡೆನ್, ಬ್ರೇಮೆನ್ ನಗರದಲ್ಲಿ ಬೇರೆಯೇ ಲೆಕ್ಕ. ಹೀಗೆ ಊರಿಗೊಂದು ನಾಣ್ಯವಿದ್ದಿತು. 1871ನೆಯ ಡಿಸೆಂಬರ 4ರ ಕಾಯದೆಯು 10 ಮತ್ತು 20 ಮಾರ್ಕುಗಳ ಚಿನ್ನದ ನಾಣ್ಯಗಳನ್ನು ಸ್ಥಾಪಿಸಿತು. 1873ನೆಯ ಜುಲೈ 9ರ ಕಾಯದೆಯು ನೂರು ಫೆನ್ನಿಗುಗಳ ಮಾರ್ಕನ್ನು ಇಡೀ ಸಾಮ್ರಾಜ್ಯದ ಏಕಮಾನವನ್ನಾಗಿ ಮಾಡಿ, ಚಿನ್ನವನ್ನೇ ಅದಕ್ಕೆ ಆಧಾರವನ್ನಾಗಿ ಗೊತ್ತುಪಡಿಸಿತು. ಇಪ್ಪತ್ತು ಮಾರ್ಕಿನ ನಾಣ್ಯದ ತೂಕವು 7.965 ಗ್ರಾಮು, ಅದರಲ್ಲಿ ಹತ್ತಕ್ಕೆ ಒಂಬತ್ತು ಪಾಲು ಶುದ್ಧ ಚಿನ್ನ.

ಈ ನಾಣ್ಯಗಳಲ್ಲಿ ಒಂದು ಜಾಣ ಹೊಂದಾಣಿಕೆಯನ್ನು ಕಾಣಬಹುದು. ಒಂದು ಮಾರ್ಕು ಮತ್ತು ಅದಕ್ಕಿಂತ ಕಡಿಮೆ ಬೆಲೆಯ ನಾಣ್ಯಗಳು ಎಲ್ಲೆಡೆಯಲ್ಲಿಯೂ ಒಂದೇ ರೂಪದವು. ಎರಡು ಮಾರ್ಕು ಮತ್ತು ಅದಕ್ಕೆ ಮೇಲ್ಪಟ್ಟವುಗಳಿಗೆ ಒಂದು ಬದಿಯಲ್ಲಿ ಸಾಮ್ರಾಜ್ಯದ ಗರುಡ, ಇನ್ನೊಂದು ಬದಿಯಲ್ಲಿ ಆಯಾ ಸಂಸ್ಥಾನದ ಅರಸನ ಮುಖ ಅಥವಾ ನಗರದ ಲಾಂಛನ. ಹಾಗಾಗಿ ಚಕ್ರವರ್ತಿಯ ಮುಖವು ಪ್ರಶಿಯಾದ ನಾಣ್ಯದ ಮೇಲೆ ಮಾತ್ರ ಇದ್ದಿತು; ಬವೇರಿಯಾದವನ ಕಿಸೆಯಲ್ಲಿ ಬವೇರಿಯಾದ ಅರಸನೇ ಇದ್ದನು. ಅಚ್ಚಾದ ಸ್ಥಳವನ್ನು ತೋರಿಸಲು ಒಂದೊಂದು ಅಕ್ಷರವನ್ನು ಇಡುತ್ತಿದ್ದರು. ರೋಮನ್ ವರ್ಣಮಾಲೆಯ ‘ಎ’ ಬರ್ಲಿನ್ನಿಗೆ, ‘ಡಿ’ ಮ್ಯೂನಿಕ್ಕಿಗೆ, ‘ಎಫ್’ ಸ್ಟುಟ್‌ಗಾರ್ಟಿಗೆ, ‘ಜಿ’ ಕಾರ್ಲ್ಸ್‌ರೂಹೆಗೆ, ‘ಜೆ’ ಹ್ಯಾಂಬರ್ಗಿಗೆ ಸಲ್ಲುತ್ತಿದ್ದವು. ‘ಇ’ ಅಕ್ಷರವು ಮೊದಲು ಡ್ರೆಸ್ಡೆನ್ನಿಗೆ, ಅನಂತರ ಮುಲ್ಡೆನ್‌ಹ್ಯುಟ್ಟೆನ್ನಿಗೆ ಸಂದಿತು. ಮೊದಲಿಗೆ ಒಂಬತ್ತು ಟಂಕಸಾಲೆಗಳಿದ್ದು, 1882ರ ಹೊತ್ತಿಗೆ ಮೂರು ಮುಚ್ಚಿ ಆರು ಉಳಿದವು. ನಾಣ್ಯವು ಎಲ್ಲಿಯದೆಂಬುದನ್ನು ಗುರುತಿಸುವ ವಿಷಯವು ನಮ್ಮವರಿಗೂ ಹೊಸದಲ್ಲ. ಲಕ್ಕುಂಡಿಯ ಟಂಕಸಾಲೆಯ ಹೊನ್ನನ್ನು ನಮ್ಮ ಶಾಸನಗಳು ‘ಲೊಕ್ಕಿ ಗದ್ಯಾಣ’ವೆಂದು ಬೇರೆಯಾಗಿಯೇ ಹೆಸರಿಸುವವು.

ಇಷ್ಟು ಸಂಸ್ಥಾನಗಳು, ಇಷ್ಟು ಟಂಕಸಾಲೆಗಳು ಇದ್ದಲ್ಲಿ ಮಾದರಿಗಳ ಅವಶ್ಯಕತೆಯು ಹೆಚ್ಚುವದು ಸಹಜವೇ. ಆದರೆ ಮಾದರಿಗಳು ಹುಟ್ಟಿದ್ದು ಅರಸರ ಮುಖಗಳಿಗಿಂತ ಹೆಚ್ಚಾಗಿ ಜನರ ಬೆರಳುಗಳ ದೆಸೆಯಿಂದ. ಅದಕ್ಕೆ ಎರಡು ಉದಾಹರಣೆಗಳನ್ನು ಕೊಡುವೆನು. 1873ರಿಂದ 20 ಫೆನ್ನಿಗಿನ ಬೆಳ್ಳಿಯ ನಾಣ್ಯವು ಹೊರಟಿತು. ಅದರ ಅಗಲವು 16 ಮಿಲ್ಲಿಮೀಟರು. ತೂಕವು ಒಂದು ಗ್ರಾಮಿಗಿಂತ ತುಸು ಹೆಚ್ಚು. ಒಕ್ಕಲಿಗನ ಒರಟು ಬೆರಳಿಗೆ ಅದು ಸಿಕ್ಕುವಂತಿರಲಿಲ್ಲ. 1877 ಮತ್ತು 1878ರಲ್ಲಿ ಅಚ್ಚಾದ ಐದು ಮಾರ್ಕಿನ ಚಿನ್ನದ ನಾಣ್ಯವೂ ಎರಡು ಗ್ರಾಮು ತೂಗದ ಅಂಥದೇ ಕಿರುಬಿಲ್ಲೆ. ಅದನ್ನು 1900ರಲ್ಲಿ ಹಿಂತೆಗೆಯಬೇಕಾಯಿತು. ಬೆಳ್ಳಿಯ 20 ಫೆನ್ನಿಗಿನ ಸ್ಥಳಕ್ಕೆ 1887ರಲ್ಲಿ ತಾಮ್ರ ಮತ್ತು ನಿಕಲ್ಲುಗಳ ಮಿಶ್ರಣದ ದೊಡ್ಡ ನಾಣ್ಯವನ್ನು ತಂದರು. ಅದೂ ಬಹುದಿನ ನಡೆಯದೆ 1892ರೊಳಗೆ ನಿಂತಿತು.

ಎರಡನೆಯ ಉದಾಹರಣೆಯು ಇನ್ನೂ ಸ್ವಾರಸ್ಯವಾದದ್ದು. ಹತ್ತು ಫೆನ್ನಿಗಿಗೂ ಅರ್ಧ ಮಾರ್ಕಿಗೂ ನಡುವೆ ಒಂದು ನಾಣ್ಯವು ಬೇಕೆಂದು 1908ರಲ್ಲಿ 25 ಫೆನ್ನಿಗಿನ ನಾಣ್ಯವನ್ನು ಯೋಜಿಸಿದರು. ಹಿಂದೆ ಪೆಟ್ಟು ತಿಂದ ಟಂಕಸಾಲೆಯವರು ಈ ಸಲ ಬಹಳ ಎಚ್ಚರಿಕೆಯನ್ನು ವಹಿಸಿದರು. ಗರುಡನ ರೂಪ, ಅಂಕಿಯ ಗಾತ್ರ, ಅಂಚಿನ ಅಲಂಕಾರ ಮುಂತಾದವನ್ನು ಬದಲಿಸುತ್ತ ಹಲವು ಬಗೆಯ ಮಾದರಿಗಳನ್ನು ಅಚ್ಚೊತ್ತಿಸಿದರು. ಇಂದು ಸಂಗ್ರಾಹಕರು ಅಪೂರ್ವವೆಂದು ಅರಸುವ ಜರ್ಮನ್ ಮಾದರಿಗಳಲ್ಲಿ ಈ 25 ಫೆನ್ನಿಗಿನ ಗುಂಪು ಪ್ರಸಿದ್ಧವಾದದ್ದು. ಕಡೆಗೆ ಗೋಧಿಯ ತೆನೆಗಳನ್ನುಳ್ಳ ಒಂದು ಸುಂದರವಾದ ರೂಪವನ್ನು ಆರಿಸಿ, 1909ರಿಂದ ಶುದ್ಧ ನಿಕಲ್ಲಿನಲ್ಲಿ ಹೊರಡಿಸಿದರು. ಇಷ್ಟೆಲ್ಲ ಪರೀಕ್ಷೆಗಳಾದರೂ ಜನರು ಅದನ್ನು ಒಲ್ಲೆವೆಂದರು. 1912ರ ತರುವಾಯ ಅದು ಅಚ್ಚಾಗಲಿಲ್ಲ. ಅಧಿಕಾರಿಗಳ ಮೇಜಿನ ಮೇಲೆ ಗೆದ್ದ ನಾಣ್ಯವು ಸಂತೆಯ ಕಟ್ಟೆಯ ಮೇಲೆ ಸೋತಿತು. ಮಾದರಿಯನ್ನು ನೋಡುವ ಕಣ್ಣು ಬೇರೆ, ನಾಣ್ಯವನ್ನು ಎಣಿಸುವ ಕೈ ಬೇರೆ.

ಇಲ್ಲಿ ಒಂದು ಭೇದವನ್ನು ವಾಚಕರು ಮನಸ್ಸಿನಲ್ಲಿಡಬೇಕು. ಅಪೂರ್ವವಾದ ನಾಣ್ಯವೆಲ್ಲವೂ ಮಾದರಿಯಲ್ಲ. 1917ರಲ್ಲಿ, ಲೂಥರನ ಮತಸುಧಾರಣೆಯ ನಾಲ್ಕುನೂರನೆಯ ವರ್ಷದ ನೆನಪಿಗಾಗಿ, ಸ್ಯಾಕ್ಸನಿಯವರು ಫ್ರೀಡ್ರಿಶ್ ಎಂಬ ಹಿಂದಿನ ಅರಸನ ಮುಖವುಳ್ಳ ಮೂರು ಮಾರ್ಕಿನ ನಾಣ್ಯಗಳನ್ನು ಕೇವಲ ನೂರರಷ್ಟು ಅಚ್ಚೊತ್ತಿಸಿದರು. ಅದು ಅತ್ಯಂತ ವಿರಳವಾದ ನಾಣ್ಯವೇ ಸರಿ, ಆದರೆ ಮಾದರಿಯಲ್ಲ, ವಿಧಿಪೂರ್ವಕವಾಗಿ ಹೊರಟದ್ದು. ಹಾಗೆಯೇ ಮಾದರಿಯೆಂದು ಕರೆಯಿಸಿಕೊಳ್ಳುವದೆಲ್ಲವೂ ಟಂಕಸಾಲೆಯದಲ್ಲ. ಮ್ಯೂನಿಕ್ಕಿನ ಕಾರ್ಲ್ ಗೋಟ್ಸ್ ಎಂಬ ಪದಕಶಿಲ್ಪಿಯು 1913ರ ತಾರೀಖನ್ನುಳ್ಳ ಕೆಲವು ಮಾದರಿಗಳನ್ನು ತನ್ನ ಸ್ವಂತ ಹವಣಿಕೆಯಿಂದ ಮಾಡಿದನು. ಲುಸಿಟಾನಿಯಾ ಹಡಗು ಮುಳುಗಿದ್ದನ್ನು ಕುರಿತ ಪದಕದಿಂದ ಮುಂದೆ ಲೋಕದಲ್ಲೆಲ್ಲ ಹೆಸರಾದವನು ಇವನೇ. ಸರಕಾರವು ಅಪೇಕ್ಷಿಸಿ ಮಾಡಿಸಿದ ಮಾದರಿಯು ಒಂದು ರಾಜ್ಯದ ಆಲೋಚನೆಯನ್ನು ತಿಳಿಸುವದು. ಶಿಲ್ಪಿಯು ತಾನಾಗಿ ಮಾಡಿದ ಮಾದರಿಯು ಅವನೊಬ್ಬನ ಆಶೆಯನ್ನು ತಿಳಿಸುವದು. ಎರಡಕ್ಕೂ ಬೆಲೆಯುಂಟು, ಆದರೆ ಇತಿಹಾಸಕಾರನು ಒಂದನ್ನು ಇನ್ನೊಂದೆಂದು ಓದಬಾರದು.

ಇನ್ನು ಮಾದರಿಯೇ ಇಲ್ಲದ ಆ ನಿರ್ಧಾರದ ಕಡೆಗೆ ತಿರುಗೋಣ. 1871ರ ಮೊದಲು ಜರ್ಮನ್ ಸಂಸ್ಥಾನಗಳ ಹಣವು ಬಹುಪಾಲು ಬೆಳ್ಳಿಯದು. ಫ್ರಾನ್ಸಿನಿಂದ ಯುದ್ಧದಂಡವಾಗಿ ಐದುನೂರು ಕೋಟಿ ಫ್ರಾಂಕುಗಳು ದೊರೆತದ್ದರಿಂದ ಚಿನ್ನಕ್ಕೆ ತಿರುಗುವ ಬಲವು ಹೊಸ ಸಾಮ್ರಾಜ್ಯಕ್ಕೆ ಬಂದಿತು. ಚಿನ್ನವು ಒಳಗೆ ಬಂದೊಡನೆ ಹಳೆಯ ಥಾಲರುಗಳನ್ನೂ ಗುಲ್ಡೆನ್ನುಗಳನ್ನೂ ಕರಗಿಸಿ ಆ ಬೆಳ್ಳಿಯನ್ನು ಲೋಕದ ಪೇಟೆಯಲ್ಲಿ ಮಾರತೊಡಗಿದರು. ಬೆಲೆಯು ತೀರ ಕುಸಿಯುವದನ್ನು ಕಂಡು 1879ರ ಮೇ ತಿಂಗಳಲ್ಲಿ ಆ ಮಾರಾಟವನ್ನು ನಿಲ್ಲಿಸಿದರು. ಉಳಿದ ಥಾಲರುಗಳು ಮೂರು ಮಾರ್ಕಿನ ಲೆಕ್ಕದಲ್ಲಿ 1907ರ ವರೆಗೆ ನಡೆದವು. ಜರ್ಮನಿಯೊಂದೇ ಇದಕ್ಕೆ ಕಾರಣವೆನ್ನುವದು ನ್ಯಾಯವಲ್ಲ. ಅಮೇರಿಕೆಯ ನೆವಾಡಾ ಪ್ರಾಂತದ ಗಣಿಗಳಿಂದ ಅದೇ ಕಾಲದಲ್ಲಿ ಹೇರಳವಾಗಿ ಬೆಳ್ಳಿಯು ಹೊರಬಿದ್ದಿತು. ಫ್ರಾನ್ಸು ಮತ್ತು ಅದರ ಒಕ್ಕೂಟದ ದೇಶಗಳೂ ಅಮೇರಿಕೆಯೂ ಬೆಳ್ಳಿಯ ನಾಣ್ಯಕ್ಕೆ ಮಿತಿಯನ್ನಿಟ್ಟವು. ಆದರೆ ಹಗ್ಗದ ಮೊದಲನೆಯ ಗಂಟನ್ನು ಬಿಚ್ಚಿದ್ದು ಬರ್ಲಿನ್ನಿನ ಕಾಯದೆಯೇ. 1871ರಲ್ಲಿ ಲಂಡನ್ನಿನ ಪೇಟೆಯಲ್ಲಿ ಒಂದು ಔನ್ಸು ಬೆಳ್ಳಿಗೆ 60½ ಪೆನ್ಸು ಬೆಲೆಯಿದ್ದಿತು. 1893ರಲ್ಲಿ ಅದು ಸುಮಾರು 35½ಕ್ಕೂ, 1899ರಲ್ಲಿ ಸುಮಾರು 27½ಕ್ಕೂ ಇಳಿದಿತ್ತು.

ಈ ಇಳಿತವು ನಮ್ಮ ಸೀಮೆಗೆ ಯಾವ ಹಾದಿಯಿಂದ ಬಂದಿತೆಂಬುದನ್ನು ನೋಡಬೇಕು. ಇಂದು ಹಾವೇರಿ ತಾಲೂಕಿನಲ್ಲಿರುವ, ಕಾರಹುಣ್ಣಿಮೆಯ ಸಂಭ್ರಮಕ್ಕೆ ಹೆಸರಾದ ಕರ್ಜಗಿಯು ಆ ಕಾಲದಲ್ಲಿ ಧಾರವಾಡ ಜಿಲ್ಲೆಯ ಒಂದು ತಾಲೂಕಿಗೇ ತನ್ನ ಹೆಸರನ್ನು ಕೊಟ್ಟಿದ್ದಿತು. ಹಾವೇರಿಯು ಕರ್ಜಗಿ ತಾಲೂಕಿಗೆ ಸೇರಿದ ಪೇಟೆಯಾಗಿತ್ತು. ಈ ಭಾಗದ ಎರೆಭೂಮಿಯು ಹತ್ತಿಗೆ ಪ್ರಸಿದ್ಧವಾದದ್ದು. 1840ರ ದಶಕದಿಂದ ಧಾರವಾಡ ಜಿಲ್ಲೆಯಲ್ಲಿ ಹಬ್ಬಿದ ಅಮೇರಿಕೆಯ ತಳಿಯ ಹತ್ತಿಯು ‘ಧಾರವಾಡ ಅಮೇರಿಕನ್’ ಎಂಬ ಹೆಸರಿನಿಂದ ಇಂಗ್ಲೆಂಡಿನ ಪೇಟೆಯನ್ನು ಮುಟ್ಟಿದ್ದಿತು. ಮೊದಲು ಘಟ್ಟವನ್ನಿಳಿದು ಕುಮಟೆಯ ಬಂದರಕ್ಕೆ ಹೋಗುತ್ತಿದ್ದ ಹತ್ತಿಗೆ 1880ರ ದಶಕದಲ್ಲಿ ಸದರ್ನ್ ಮರಾಠಾ ರೇಲ್ವೆಯ ದಾರಿಯೂ ದೊರೆಯಿತು. ಹೀಗೆ ಕರ್ಜಗಿಯ ಒಕ್ಕಲಿಗನ ಮಾಲು ಚಿನ್ನದ ಬೆಲೆಯ ನಾಡಿಗೆ ಹೋಗುತ್ತಿತ್ತು. ಅವನ ಕೈಗೆ ಬರುತ್ತಿದ್ದುದು ಬೆಳ್ಳಿಯ ರೂಪಾಯಿ.

ಆ ರೂಪಾಯಿಯು 180 ಗ್ರೇನು, ಅಂದರೆ ಸರಿಯಾಗಿ ಒಂದು ತೊಲೆ ತೂಕದ್ದು. ಅದರಲ್ಲಿ ಹನ್ನೆರಡಕ್ಕೆ ಹನ್ನೊಂದು ಪಾಲು ಶುದ್ಧ ಬೆಳ್ಳಿ. 1871ರ ಸುಮಾರಿಗೆ ಅದು ಇಂಗ್ಲಿಷ್ ಲೆಕ್ಕದಲ್ಲಿ 1 ಶಿಲ್ಲಿಂಗು 11 ಪೆನ್ಸಿಗೆ ಸಮವಾಗಿದ್ದಿತು. 1892-93ರಲ್ಲಿ 1 ಶಿಲ್ಲಿಂಗು 3 ಪೆನ್ಸಿಗೆ ಇಳಿಯಿತು. ಹಿಂದುಸ್ಥಾನ ಸರಕಾರವು ಪ್ರತಿವರ್ಷವೂ ಇಂಗ್ಲೆಂಡಿಗೆ ಪೌಂಡಿನಲ್ಲಿ ಹಣವನ್ನು ಸಲ್ಲಿಸಬೇಕಾಗಿದ್ದಿತು. ಒಂದು ಲಕ್ಷ ಪೌಂಡಿಗೆ ಮೊದಲು ಸುಮಾರು ಹತ್ತೂವರೆ ಲಕ್ಷ ರೂಪಾಯಿ ಸಾಕಾಗುತ್ತಿದ್ದರೆ, ಈಗ ಹದಿನಾರು ಲಕ್ಷ ಬೇಕಾಯಿತು. ಈ ಹೆಚ್ಚಿನ ಭಾರವು ತೆರಿಗೆಯ ರೂಪದಿಂದ ಜನರ ಮೇಲೆಯೇ ಬಿದ್ದಿತು. 1888ರಲ್ಲಿ ಉಪ್ಪಿನ ತೆರಿಗೆಯು ಮಣಕ್ಕೆ ಎರಡು ರೂಪಾಯಿಯಿಂದ ಎರಡೂವರೆಗೆ ಏರಿತು. ಇದರಲ್ಲಿ ಒಂದು ಎದುರುಮಾತೂ ಇದೆ. ರೂಪಾಯಿಯು ಅಗ್ಗವಾದಾಗ, ಪರದೇಶಕ್ಕೆ ಮಾರುವ ಹತ್ತಿಗೆ ರೂಪಾಯಿಯ ಲೆಕ್ಕದಲ್ಲಿ ಬೆಲೆಯು ಅಷ್ಟಾಗಿ ಬೀಳದೆ ನಿಂತಿತು. ಆ ಮಟ್ಟಿಗೆ ಬೆಳೆಗಾರನಿಗೆ ಆಸರೆಯಾಯಿತು. ಆದರೆ ಆ ಆಸರೆಯೂ ಬಹುಕಾಲ ಉಳಿಯಲಿಲ್ಲ.

1893ನೆಯ ಜೂನ 26ರಂದು ಸರಕಾರವು ಕಾಯದೆಯನ್ನು ಮಾಡಿ, ಜನರು ತಂದ ಬೆಳ್ಳಿಯನ್ನು ರೂಪಾಯಿಯಾಗಿ ಅಚ್ಚೊತ್ತಿಕೊಡುವ ಪದ್ಧತಿಯನ್ನು ನಿಲ್ಲಿಸಿತು. ಅದುವರೆಗೆ ಬೆಳ್ಳಿಗೂ ರೂಪಾಯಿಗೂ ಹೆಚ್ಚಿನ ಅಂತರವಿರಲಿಲ್ಲ. ಮುಂಬಯಿಯ ಟಂಕಸಾಲೆಯ ಬಾಗಿಲು ತೆರೆದಿದ್ದಿತು. ಬಾಗಿಲು ಮುಚ್ಚಿದೊಡನೆ ರೂಪಾಯಿಯು ಒಂದು ದಾರಿಯನ್ನು ಹಿಡಿಯಿತು, ಬೆಳ್ಳಿಯು ಇನ್ನೊಂದನ್ನು. ರೂಪಾಯಿಯನ್ನು 1 ಶಿಲ್ಲಿಂಗು 4 ಪೆನ್ಸಿಗೆ, ಅಂದರೆ ಒಂದು ಚಿನ್ನದ ಪೌಂಡಿಗೆ ಹದಿನೈದರಂತೆ ನಿಲ್ಲಿಸಿದರು. 1899ರ ಬೆಲೆಯಂತೆ ಆ ರೂಪಾಯಿಯೊಳಗಿನ ಬೆಳ್ಳಿಯು ಸುಮಾರು ಹತ್ತು ಆಣೆಗೆ ಮಾತ್ರ ಬಾಳುತ್ತಿತ್ತು.

ಈ ಲೆಕ್ಕದ ಅರ್ಥವು ಮನೆಯೊಳಗೆ ಹೊಕ್ಕು ನೋಡಿದರೆ ತಿಳಿಯುವದು. ನಮ್ಮ ಒಕ್ಕಲು ಮನೆತನಗಳಿಗೆ ಬ್ಯಾಂಕೆಂಬುದು ಇರಲಿಲ್ಲ. ಒಳ್ಳೆಯ ವರ್ಷದ ಉಳಿತಾಯವು ಹೆಂಗಸರ ಕಾಲ್ಗಡಗ, ಡಾಬು, ತೋಳಬಂದಿಗಳಾಗಿ ಕೂಡ್ರುತ್ತಿತ್ತು. ಕೆಟ್ಟ ವರ್ಷದಲ್ಲಿ ಅವೇ ಜೋಳವಾಗುತ್ತಿದ್ದವು. 1896-97ರಲ್ಲಿಯೂ 1899-1900ರಲ್ಲಿಯೂ ಮುಂಬಯಿ ಇಲಾಖೆಗೆ ಘೋರವಾದ ಬರಗಳು ಬಂದವು. ಬರಗಾಲದಲ್ಲಿ ಬೆಳ್ಳಿಯ ಒಡವೆಯನ್ನು ಮಾರಹೋದವನು, ತೂಕಕ್ಕೆ ತೂಕ ಹಿಂದೆ ದೊರೆಯುತ್ತಿದ್ದ ರೂಪಾಯಿಯನ್ನು ಕಾಣದೆ ಅದರ ಮೂರರಲ್ಲಿ ಎರಡು ಪಾಲನ್ನು ಮಾತ್ರ ಕಂಡನು. ಆದರೆ ಸರಕಾರದ ಕಂದಾಯವು ರೂಪಾಯಿಯಲ್ಲಿಯೇ, ಸಾಹುಕಾರನ ಸಾಲವು ರೂಪಾಯಿಯಲ್ಲಿಯೇ. ಒಡವೆಯ ತೂಕವು ಕಡಿಮೆಯಾಗಲಿಲ್ಲ, ಬಣ್ಣವು ಕೆಡಲಿಲ್ಲ, ಕಳ್ಳನು ಬರಲಿಲ್ಲ. ಆದರೂ ಮೂರನೆಯ ಒಂದು ಪಾಲು ಹೋಗಿದ್ದಿತು. ದಾದಾಭಾಯಿ ನವರೋಜಿಯವರಂಥ ದೇಶಭಕ್ತರು ಈ ನಾಣ್ಯನೀತಿಯನ್ನು ಆಗಲೇ ಬಲವಾಗಿ ವಿರೋಧಿಸಿದ್ದರು.

ವಿಚಿತ್ರವೇನೆಂದರೆ, ಬೆಳ್ಳಿಯನ್ನು ತನ್ನ ಮನೆಯಿಂದ ಹೊರಹಾಕಿದ ಅದೇ ಜರ್ಮನ್ ಸಾಮ್ರಾಜ್ಯವು ಪೂರ್ವ ಆಫ್ರಿಕೆಯಲ್ಲಿ ನಮ್ಮ ರೂಪಾಯಿಯ ಮುಂದೆ ತಲೆಬಾಗಬೇಕಾಯಿತು. ಆ ಕರಾವಳಿಯ ವ್ಯಾಪಾರವು ಹಿಂದುಸ್ಥಾನದ ವರ್ತಕರ ಕೈಯಲ್ಲಿದ್ದು, ಅಲ್ಲಿ ರೂಪಾಯಿಯೇ ಹಣವಾಗಿದ್ದಿತು. ಆದುದರಿಂದ ಜರ್ಮನ್ ಕಂಪನಿಯು 1890ರಿಂದ ನಮ್ಮ ರೂಪಾಯಿಯ ತೂಕಕ್ಕೇ ಸರಿಯಾಗಿ ‘ರೂಪಿ’ ಎಂಬ ಬೆಳ್ಳಿಯ ನಾಣ್ಯವನ್ನು ಹೊರಡಿಸಿತು. ಅದಕ್ಕೆ 64 ‘ಪೇಸಾ’. ತಾಮ್ರದ ಪೇಸಾದ ಮೇಲೆ ಅರಬ್ಬೀ ಬರಹ, ಹಿಜರಿ ವರ್ಷ. ಸ್ವದೇಶದಲ್ಲಿ ಪ್ರಶಿಯಾದ ನಾಣ್ಯದ ಮೇಲೆ ಮಾತ್ರ ಮುಖವಿದ್ದ ಎರಡನೆಯ ವಿಲ್ಹೆಲ್ಮನು ಇಲ್ಲಿ ಗರುಡನ ಶಿರಸ್ತ್ರಾಣವನ್ನು ಧರಿಸಿ, ಬರಿಯ ‘ಚಕ್ರವರ್ತಿ’ ಎಂಬ ಲ್ಯಾಟಿನ್ ಬಿರುದಿನಿಂದ ಮೆರೆದನು. 1904ರಿಂದ ರೂಪಿಗೆ ನೂರು ‘ಹೆಲ್ಲರ್’ ಎಂದು ಲೆಕ್ಕವನ್ನು ಬದಲಿಸಿದರು. ಮೊದಲನೆಯ ಮಹಾಯುದ್ಧದಲ್ಲಿ ಸಮುದ್ರದ ದಾರಿಯು ಕಟ್ಟಿದಾಗ, 1916ರಲ್ಲಿ ತಬೋರಾ ಎಂಬಲ್ಲಿಯ ರೇಲ್ವೆ ಕಾರಖಾನೆಯಲ್ಲಿ ಹದಿನೈದು ರೂಪಿಯ ಚಿನ್ನದ ನಾಣ್ಯವನ್ನು ಅಚ್ಚೊತ್ತಿದರು. ಅದರ ಮೇಲೆ ಪರ್ವತದ ಮುಂದೆ ಸೊಂಡಿಲನ್ನೆತ್ತಿದ ಆನೆಯಿದೆ. ಅವುಗಳ ಸಂಖ್ಯೆಯು ಸುಮಾರು ಹದಿನಾರು ಸಾವಿರ. ಕಾಲವು ಕೂಡಿಬರದ ಕಾರಣ ಅಲ್ಲಿ ಮಾದರಿಗಳನ್ನು ನೋಡಿ ಆರಿಸುವ ವಿಲಾಸವಿರಲಿಲ್ಲ. ಆದರೂ ಆನೆಯು ಆನೆಯಂತೆಯೇ ಬಂದಿತು.

ಆನೆಯ ಮಾತು ಬಂದದ್ದರಿಂದ ನಮ್ಮ ರೂಪಾಯಿಯ ಒಂದು ಪ್ರಸಂಗವನ್ನು ಹೇಳದೆ ಬಿಡಲಾಗದು. 1911ರಲ್ಲಿ ಐದನೆಯ ಜಾರ್ಜ್ ಅರಸನ ಹೊಸ ರೂಪಾಯಿಯು ಹೊರಟಿತು. ಮುಖವನ್ನು ರೂಪಿಸಿದವನು ಬರ್ಟ್ರಮ್ ಮೆಕೆನಲ್ ಎಂಬ ಪ್ರಸಿದ್ಧ ಶಿಲ್ಪಿ. ಅರಸನ ನಿಲುವಂಗಿಯ ಮೇಲಿನ ಸರದಲ್ಲಿ ಆನೆಯ ಚಿಕ್ಕ ಚಿತ್ರವಿದ್ದಿತು. ಸೊಂಡಿಲು ಮೋಟಾಗಿ ಮೂಡಿದ್ದರಿಂದ ಅದು ಹಂದಿಯಂತೆ ಕಂಡಿತು. ಜನರಲ್ಲಿ, ವಿಶೇಷವಾಗಿ ಮುಸಲ್ಮಾನರಲ್ಲಿ, ಅಸಮಾಧಾನವು ಹುಟ್ಟಿತು. ಅಚ್ಚಾದ ಸುಮಾರು 94 ಲಕ್ಷದಲ್ಲಿ 7 ಲಕ್ಷದಷ್ಟು ಮಾತ್ರ ಹೊರಬಿದ್ದಿದ್ದವು. ಉಳಿದವುಗಳನ್ನು ಕರಗಿಸಿ, 1912ರಲ್ಲಿ ಸೊಂಡಿಲನ್ನು ತಿದ್ದಿದ ಅಚ್ಚನ್ನು ತಂದರು. ಲಂಡನ್ನಿನಲ್ಲಿ ಆ ರೂಪವನ್ನು ನೋಡಿ ಒಪ್ಪಿದ ಕಣ್ಣುಗಳಲ್ಲಿ, ಆ ನಾಣ್ಯವನ್ನು ದಿನಾಲು ಎಣಿಸಬೇಕಾದ ಒಬ್ಬನ ಕಣ್ಣಾದರೂ ಇದ್ದಿದ್ದರೆ ಈ ಪ್ರಮಾದವು ಆಗುತ್ತಿರಲಿಲ್ಲ. ಒಂದು ಇಂಚಿನ ಹತ್ತನೆಯ ಪಾಲಿಗಿಂತಲೂ ಚಿಕ್ಕದಾದ ಸೊಂಡಿಲಿಗಾಗಿ ಲಕ್ಷಗಟ್ಟಲೆ ರೂಪಾಯಿಗಳನ್ನು ಕರಗಿಸಿದ ಸರಕಾರವೇ, 1893ರಲ್ಲಿ ಒಡವೆಯ ಬೆಲೆಯು ಕರಗಿದ್ದನ್ನು ಮಾತ್ರ ಸುಮ್ಮನೆ ನೋಡಿದ್ದಿತು.

ಒಟ್ಟಿನ ಮೇಲೆ ಹೇಳಬೇಕಾದುದಿಷ್ಟು. ಚಲಾವಣೆಯಾದ ನಾಣ್ಯವು ರಾಜ್ಯದ ಹೆಮ್ಮೆಯನ್ನು ಸಾರುವದು. ಚಲಿಸದ ಮಾದರಿಯು ರಾಜ್ಯದ ಸಂದೇಹವನ್ನು ತೋರಿಸುವದು. ಆದುದರಿಂದಲೇ ಜರ್ಮನ್ ಮಾದರಿಗಳು ಇತಿಹಾಸಕ್ಕೆ ಬೆಲೆಯುಳ್ಳವಾಗಿವೆ. ಅಷ್ಟು ಬಲಿಷ್ಠವಾದ ಸಾಮ್ರಾಜ್ಯವೂ ಒಂದು ಕಾಲು ಮಾರ್ಕಿನ ಬಿಲ್ಲೆಗಾಗಿ ಹತ್ತು ಸಲ ಅನುಮಾನಿಸಿತೆಂಬುದನ್ನು ಅವು ಹೇಳುವವು. ಆದರೆ ಅವುಗಳನ್ನು ನೋಡುವಾಗ, ಎಲ್ಲಿ ಅನುಮಾನಿಸಲಿಲ್ಲವೆಂಬುದನ್ನೂ ಕೇಳಬೇಕು. ಮುದ್ರೆಗೆ ಮಾದರಿಯುಂಟು, ಮೌಲ್ಯಕ್ಕೆ ಮಾದರಿಯಿಲ್ಲ. ಹಣದ ಆಧಾರವನ್ನು ಬದಲಿಸುವ ಕಾಯದೆಯು ಮೊದಲನೆಯ ದಿನವೇ ಪೂರ್ಣ ಸಂಖ್ಯೆಯಲ್ಲಿ ಚಲಾವಣೆಗೆ ಬರುವದು. ಅದನ್ನು ಒಪ್ಪುವ ಅಥವಾ ಒಲ್ಲೆನೆನ್ನುವ ಅವಕಾಶವು ವರದಾ ತೀರದ ಒಕ್ಕಲಿಗನಿಗೆ ಇರುವದಿಲ್ಲ.

ಈ ಇತಿಹಾಸದ ಸಾಕ್ಷಿಗಳು ಬರ್ಲಿನ್ನಿನ ನಾಣ್ಯಸಂಗ್ರಹಾಲಯದಲ್ಲಿ ಮಾತ್ರ ಇರುವವೆಂದು ತಿಳಿಯಬಾರದು. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ವಿಕ್ಟೋರಿಯಾ ರಾಣಿಯ ಮುಖವುಳ್ಳ ರೂಪಾಯಿಗಳೂ, ರೂಪಾಯಿಗಳನ್ನೇ ಪೋಣಿಸಿದ ಸರಗಳೂ ಇನ್ನೂ ದೊರೆಯುವವು. ಇವನ್ನು ಕರಗಿಸಲು ಪತ್ತಾರನಿಗೆ ಕೊಡುವ ಮುನ್ನ ವರ್ಷವನ್ನೂ ತೂಕವನ್ನೂ ಗುರುತನ್ನೂ ಬರೆದಿಡುವದು, ಯಾರು ಯಾವ ವರ್ಷದಲ್ಲಿ ಯಾವುದಕ್ಕಾಗಿ ಮಾಡಿಸಿದರೆಂದು ಮನೆಯ ಹಿರಿಯರನ್ನು ಕೇಳಿ ಟಿಪ್ಪಣಿ ಮಾಡುವದು ಕಷ್ಟವಾದ ಕೆಲಸವಲ್ಲ. ಬರದ ವರ್ಷದಲ್ಲಿ ಮಾರದೆ ಉಳಿಸಿಕೊಂಡ ಒಂದು ಕಾಲ್ಗಡಗದ ಕಥೆಯು ಸರಕಾರದ ವರದಿಗಳಲ್ಲಿ ದೊರೆಯಲಾರದು. ಅದನ್ನು ಬಲ್ಲವರು ನಮ್ಮ ಹಳ್ಳಿಗಳಲ್ಲಿ ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ನಮ್ಮ ಜಿಲ್ಲೆಯ ಸಾಹಿತ್ಯಾಭಿಮಾನಿಗಳು ತಮ್ಮ ತಮ್ಮ ಊರುಗಳಲ್ಲಿ ಈ ಕೆಲಸಕ್ಕೆ ಕೈಹಚ್ಚಬೇಕೆಂದು ವಿನಂತಿ.